ಹೊಸ್ತಿಲು ಕಡಿಯದ ನಾಯಿ

ನಾಯಿ ಬಾಗಿಲು ಕಡಿಯುವುದನ್ನು ಬಿಡಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಹೇಳಬಲ್ಲೆ. ಕಲಿತು, ಮಾಡಿ, ಗೆದ್ದ ಕೆಲಸ ಅದು. ಗೆದ್ದು ನನಗೆ ದಕ್ಕಿದ್ದೇನು ಎಂಬುದು ಬೇರೆ ಮಾತು. ಇಲ್ಲಿ ಬರೆಯುತ್ತಿರುವುದು ಆ ಬೇರೆ ಮಾತನ್ನೇ.

ಎಪ್ಪತ್ತರ ದಶಕ. ನಾನು ಬಳ್ಳಾರಿಯ ಒಂದು ಹೈಸ್ಕೂಲಿಗೆ ಮಾಸ್ತರನಾಗಿ ಆಗಷ್ಟೇ ಸೇರಿದ್ದೆ. ಊರು ಕುರುಗೋಡು. ಅಪ್ಪ ಬಾಡಿಗೆ ಬಂಡಿ ಹೊಡೆಯುವವನು. ಹತ್ತಿ, ಶೇಂಗಾ ಹೇರಿಕೊಂಡು ಪೇಟೆಗೆ ಹೋಗಿ ಬರುವುದೇ ಅವನ ಜೀವನ. ಅವ್ವ ಮಂದಿಯ ಹೊಲಕ್ಕೆ ಕೂಲಿಗೆ ಹೋಗುವವಳು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದವನು ನಾನೇ ಮೊದಲು, ಬಿ.ಎ. ಮಾಡಿದವನೂ ನಾನೇ ಮೊದಲು. ಹಾಸ್ಟೆಲ್ಲಿನ ನೀರುಸಾರು ಉಂಡು, ಇನ್ನೊಬ್ಬರು ಓದಿ ಬಿಟ್ಟ ಪುಸ್ತಕ ಓದಿ ಮಾಡಿದ ಬಿ.ಎ. ಅದು. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ನೌಕರಿ ಸಿಕ್ಕಿತು, ಮನೆ ಸಿಗಲಿಲ್ಲ. ಹೋದ ಹೋದ ಕಡೆಯೆಲ್ಲ "ಯಾರ ಪೈಕಿ ನೀವು?" ಎನ್ನುವರು. "ಊರಾಗ ಹೊಲ ಎಷ್ಟೈತಿ?" ಎನ್ನುವರು. ಎರಡಕ್ಕೂ ನನ್ನ ಉತ್ತರ ಅವರಿಗೆ ಹಿಡಿಸುತ್ತಿರಲಿಲ್ಲ. ಕಡೆಗೆ ಕೋಟೆಗುಡ್ಡದ ಕೆಳಗಿನ ಓಣಿಯಲ್ಲಿ ಹತ್ತಿ ದಲಾಲಿ ಮಾಡುವ ಸಾಹುಕಾರರೊಬ್ಬರು ಸಿಕ್ಕರು. ಅವರು ಕೇಳಿದ್ದು ಒಂದೇ ಮಾತು: "ಎಲ್ಲಿ ತನಕ ಓದೀರಿ?"

"ಬಿ.ಎ. ಆಗೈತ್ರಿ."

"ಹಂಗಾರ ಮುಗೀತು ಬಿಡ್ರಿ. ಓದಿದವ್ರು ಇದ್ರ ಮನಿಗೇ ಒಂದು ಕಳಿ. ಎಷ್ಟ ವರ್ಷ ಬೇಕು ಅಷ್ಟ ವರ್ಷ ಇರ್ರಿ ಮಾಸ್ತರ. ನನ್ನ ಬಾಯಿಲೆ ಮನಿ ಬಿಡು ಅನ್ನೂದಿಲ್ಲ."

ಆ ಮಾತಿನ ಹಿಂದೆಯೇ ಬೀಗದ ಕೈ ತೆಗೆದು ಕೊಟ್ಟರು. ಕೈಯಲ್ಲಿದ್ದ ಬೀಗದ ಕೈ ಬಿಸಿಲಿಗೆ ಕಾದಿತ್ತು. ಹಾಗೇ ಹಿಡಿದುಕೊಂಡು ನಿಂತೆ.

ಮನೆ ಎಂದರೆ ಎರಡು ಖೋಲಿ, ಅವೂ ಕತ್ತಲು. ಆದರೆ ಬಾಗಿಲು ಮಾತ್ರ ಅರಮನೆಯದು. ಹಳೆಯ ಸಾಗುವಾನಿಯ ಚೌಕಟ್ಟು, ಮೇಲೆ ಕಮಲದ ಕೆತ್ತನೆ, ಗೇಣಗಲದ ಹೊಸ್ತಿಲು. ಆ ಚೌಕಟ್ಟಿನ ಬಲಕ್ಕೆ ನಾನು ನನ್ನ ಹೆಸರಿನ ಬೋರ್ಡು ಹೊಡೆದೆ. ಕಪ್ಪು ಹಲಗೆ, ಬಿಳಿ ಅಕ್ಷರ. ಹೆಸರಿನ ಮುಂದೆ ಬಿ.ಎ. ಕೂಲಿ ಬಿಟ್ಟು ನನ್ನ ಜೊತೆ ಇರಲು ಬಂದ ಅವ್ವನಿಗೆ ಓದಲು ಬಾರದು. "ಇದರಾಗ ನಿನ್ನ ಡಿಗ್ರಿ ಯಾವ ಕಡಿಗೈತಿ?" ಎಂದು ಕೇಳಿದಳು. ತೋರಿಸಿದೆ. ಅಂದಿನಿಂದ ಪ್ರತಿ ಶುಕ್ರವಾರ ಹೊಸ್ತಿಲ ಪೂಜೆ ಮುಗಿಸಿ ಎದ್ದವಳು ಆ ಎರಡು ಅಕ್ಷರಗಳಿಗೂ ಒಂದು ಚೂರು ಕುಂಕುಮ ಹಚ್ಚುವಳು. ನನ್ನ ಹೆಂಡತಿ ಬಾದನಹಟ್ಟಿಯವಳು, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವಳು.

ಅಪ್ಪ ಮಾತ್ರ ಆ ಮನೆಯಲ್ಲಿ ಒಂದು ಹೊತ್ತೂ ನಿಲ್ಲಲಿಲ್ಲ. ಪೇಟೆಗೆ ಬಂದಾಗ ಬಂಡಿ ಬೀದಿಯಲ್ಲಿ ಬಿಟ್ಟು, ಕಟ್ಟೆಯ ಮೇಲೆ ಕೂತು ನೀರು ಕುಡಿದು ಹೋಗಿಬಿಡುವನು.

"ಒಳಗ ಬಾ ಅಪ್ಪಾ, ನಿನ್ನ ಮಗನ ಮನಿ ಐತಿ."

"ಮಂದಿ ಮನಿ ಐತಲೇ ಅದು. ಇವತ್ತ ಇರತೈತಿ, ನಾಳಿ ಇರಂಗಿಲ್ಲ."

"ಸಾವ್ಕಾರ್ರು ಮಾತ ಕೊಟ್ಟಾರ."

"ಹ್ಞೂಂ," ಎಂದು ಎತ್ತಿನ ಬಾಲ ಮುಟ್ಟುವನು. ಬಂಡಿ ಹೊರಟುಬಿಡುವುದು. ನನಗೆ ಸಿಟ್ಟು ಬರುತ್ತಿತ್ತು. ಓದದ ಮನುಷ್ಯ, ಎಲ್ಲರನ್ನೂ ಅನುಮಾನಿಸುತ್ತಾನೆ ಅಂದುಕೊಳ್ಳುತ್ತಿದ್ದೆ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಸಾಹುಕಾರರು ಸಿರುಗುಪ್ಪದ ಮಗಳ ಮನೆಗೆ ಹೋಗಿದ್ದವರು ಬರುವಾಗ ಒಂದು ಬುಟ್ಟಿ ತಂದರು. ಬುಟ್ಟಿಯಲ್ಲಿ ಕಂದು ಬಣ್ಣದ ನಾಯಿಮರಿ.

"ನಮ್ಮ ಅಳಿಯನ ಮನಿ ನಾಯಿ ಈದೈತಿ. ಜಾತಿ ಚಲೋದೈತಿ. ನೀವು ಸಾಲಿಗೆ ಹೋದ್ರ ಹೆಣ್ಮಕ್ಕಳಷ್ಟ ಇರ್ತಾರ. ಒಂದು ನಾಯಿ ಇರ್ಲಿ, ಮಾಸ್ತರ."

ಇಂಥ ಮನೆ ಮಾಲೀಕರು ಯಾರಿಗೆ ಸಿಗುತ್ತಾರೆ ಎಂದುಕೊಂಡೆ. ಅವ್ವ ಮರಿಯನ್ನು ಎತ್ತಿ ಸೆರಗಿನಲ್ಲಿ ಹಾಕಿಕೊಂಡಳು. ಅದಕ್ಕೆ ಹೆಸರಿಡಲಿಲ್ಲ, "ಕೂಸಽ" ಎಂದೇ ಕರೆಯುತ್ತಿದ್ದಳು. ನಾವು ಉಂಡದ್ದನ್ನೇ ಅದೂ ಉಂಡಿತು. ರೊಟ್ಟಿ, ಬೇಳೆ, ತಾಟಿನಲ್ಲಿ ಉಳಿದ ಕೆಂಪು ಖಾರ.

ಹಲ್ಲು ಬರತೊಡಗಿದ ಮೇಲೆ ಕಡಿತ ಶುರುವಾಯಿತು. ಮೊದಲು ಮಣೆಯ ಕಾಲು. ಆಮೇಲೆ ಬೀಸುವ ಕಲ್ಲಿನ ಗೂಟ. ಆಮೇಲೆ ಹೊಸ್ತಿಲು. ಹೊಸ್ತಿಲಿನ ಎಡಮೂಲೆಯನ್ನು ಅದು ಹಿಡಿದ ರೀತಿ ನೋಡಬೇಕಿತ್ತು. ಮುಂಗಾಲು ಎರಡೂ ಒತ್ತಿ ಹಿಡಿದು, ತಲೆ ಓರೆ ಮಾಡಿ, ಕಣ್ಣು ಮುಚ್ಚಿಕೊಂಡು, ಕಬ್ಬು ತಿಂದ ಹಾಗೆ. ಒಂದು ದಿನ ಸಾಲೆಯಿಂದ ಬಂದು ನೋಡಿದರೆ ಮೂಲೆ ಇಲ್ಲ. ಸಿಪ್ಪೆ ಮಾತ್ರ ಚೆಲ್ಲಾಡಿದೆ. ಚೌಕಟ್ಟಿನ ಬುಡಕ್ಕೂ ಹಲ್ಲು ಬಿದ್ದಿದೆ, ನನ್ನ ಬೋರ್ಡಿನ ನೇರ ಕೆಳಗೆ.

ಸಾಹುಕಾರರು ಬಂದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಟ್ಟೆಯ ಮೇಲೆ ಕೂತು, ಅಡಿಕೆ ಬಾಯಿಗೆ ಹಾಕಿಕೊಂಡು, ಮೆಲ್ಲಗೆ ಹೇಳಿದರು.

"ನಮ್ಮ ಅಜ್ಜಾರು ನಿಲ್ಲಿಸಿದ ಬಾಗಿಲಾ ಇದು, ಮಾಸ್ತರ. ನಾನು ನಿಮಗ ಏನೂ ಅನ್ನಂಗಿಲ್ಲ. ಯುಗಾದಿ ಆದ ಮ್ಯಾಲ ಹೊಸ ಹೊಸ್ತಿಲಾ ಹಾಕಸ್ತೀನಿ. ಅದಕ್ಕ ಮಾತ್ರ ನಾಯಿ ಬಾಯಿ ಹಾಕಬಾರ್ದು. ಅಷ್ಟರಾಗ ಬಿಡಸ್ರಿ. ಬಿಡಿಸಿದ್ರ ಮನಿ ನಿಮ್ದು. ಬಿಡಸಾಕ ಆಗಲಿಲ್ಲ ಅಂದ್ರ..."

ಮುಂದೆ ಹೇಳದೆ ಅಡಿಕೆ ಅಗಿದರು. ನಾನು ಕೂಡಲೇ, "ಬಿಡಸ್ತೀನ್ರಿ ಸಾವ್ಕಾರ್ರ, ನೀವು ಚಿಂತಿ ಮಾಡಬ್ಯಾಡ್ರಿ" ಎಂದೆ.

ಅವ್ವ ಒಳಗಿನಿಂದ ಕೇಳಿಸಿಕೊಂಡಿದ್ದಳು. "ನಾಯಿ ಊರಿಗೆ ಕಳಸೂಣೇನು ತಮ್ಮಾ?" ಎಂದಳು. ಅವಳ ಮಡಿಲಲ್ಲಿ ಅದು ಮಲಗಿತ್ತು. ಕಳಿಸಿಬಿಡಬಹುದಿತ್ತು, ನಿಜ. ಆದರೆ ಸಾಹುಕಾರರು ಪ್ರೀತಿಯಿಂದ ಕೊಟ್ಟ ಮರಿ. ಅದನ್ನು ಹೊರಗಟ್ಟುವುದು ಅವರಿಗೆ ಮಾಡಿದ ಅವಮಾನ ಎಂದು ನಾನೇ ತೀರ್ಮಾನಿಸಿದೆ. ಅಲ್ಲದೆ ಅವರ ಷರತ್ತು ನನಗೆ ಪರೀಕ್ಷೆಯ ಹಾಗೆ ಕಂಡಿತು. ಪರೀಕ್ಷೆ ಎಂದರೆ ನಾನು ಹೆದರುವವನಲ್ಲ.

ಸಾಲೆಯಲ್ಲಿ ಜೊತೆಯ ಮಾಸ್ತರರು ಹೇಳಿದರು: ಮೆಣಸಿನಕಾಯಿ ಅರೆದು ಬಳಿಯಿರಿ, ಒಮ್ಮೆ ನಾಲಿಗೆ ಸುಟ್ಟರೆ ಆ ಕಡೆ ತಿರುಗಿ ನೋಡುವುದಿಲ್ಲ. ಹೆಂಡತಿ ಮೆಣಸಿನಕಾಯಿ ರುಬ್ಬಲು ಕೂತಳು. ರುಬ್ಬುವ ಕಲ್ಲಿನ ಮುಂದೆ ಕೂತರೆ ನಮ್ಮ ಕಡೆಯ ಹೆಣ್ಣುಮಕ್ಕಳ ಕೈ ತಾನಾಗಿಯೇ ಉಪ್ಪು, ಬೆಳ್ಳುಳ್ಳಿ, ಹುಣಸೆಹಣ್ಣಿನ ಕಡೆ ಹೋಗುತ್ತದೆ. ಮರಕ್ಕೆ ಅಂಟಲಿ ಎಂದು ನಾನೇ ಶೇಂಗಾ ಎಣ್ಣೆ ಹಾಕಿಸಿದೆ. ಬಳಿದು, ಬಾಗಿಲ ಹಿಂದೆ ನಿಂತು ನೋಡಿದೆವು. ನಾಯಿ ಬಂತು, ಮೂಸಿತು, ನೆಕ್ಕಿತು. ಆ ಮೂಲೆಯಿಂದ ಈ ಮೂಲೆಯವರೆಗೆ ಒಂದೇ ಸಮ ನೆಕ್ಕಿ, ಹೋಗಿ ನೀರು ಕುಡಿದು, ಉಳಿದದ್ದಕ್ಕೆ ಮತ್ತೆ ಬಂತು. ಹುಟ್ಟಿದಾಗಿನಿಂದ ಉಂಡ ರುಚಿ ಅದು.

ಅವ್ವ ನಕ್ಕೂ ನಕ್ಕೂ ಗೋಡೆಗೆ ಒರಗಿದಳು. "ರೊಟ್ಟಿನೂ ಒಂದು ಹಾಕ್ರಲೇ ಅದಕ್ಕ! ಬರೇ ಖಾರ ಎಷ್ಟಂತ ತಿಂದೀತು?"

ಹೆಂಡತಿ ಮುಖ ಕೆಂಪು ಮಾಡಿಕೊಂಡಳು. "ನಾ ಏನ್ ಮಾಡ್ಲಿ ಅತ್ತಿ, ಕೈಗೆ ಹಂಗ ಬರತೈತಿ."

ಬೇವಿನ ಎಲೆ ಅರೆದು ಬಳಿದೆ. ಅದು ಕೆಲಸ ಮಾಡಿತು. ಎರಡು ದಿನ ನಾಯಿ ಹತ್ತಿರ ಸುಳಿಯಲಿಲ್ಲ. ಶುಕ್ರವಾರ ನೋಡಿದರೆ ಬೇವು ಮಾಯ. ಅವ್ವ ತೊಳೆದುಬಿಟ್ಟಿದ್ದಳು.

"ಹೊಸ್ತಿಲಕ್ಕ ಯಾರರೆ ಕಹಿ ಬಳಿತಾರೇನೋ? ಲಕ್ಷ್ಮಿ ಬರೋ ಜಾಗ ಅದು."

ಜಗಳಾಡಿ ಉಪಯೋಗವಿಲ್ಲ ಎಂದು ಸುಮ್ಮನೆ ಕೂತು ಅವಳ ಪೂಜೆ ನೋಡಿದೆ. ಅವ್ವ ಹೊಸ್ತಿಲು ತೊಳೆದಳು, ಅರಿಷಿಣ ಬಳಿದಳು, ಕುಂಕುಮ ಇಟ್ಟಳು. ಆಮೇಲೆ ಎಡಮೂಲೆಯಲ್ಲಿ ಬೆಲ್ಲ, ಕೊಬ್ಬರಿ ಇಟ್ಟು ಕೈಮುಗಿದಳು. ಬಳ್ಳಾರಿಯ ಬಿಸಿಲಿಗೆ ಬೆಲ್ಲ ನೋಡನೋಡುತ್ತ ಕರಗಿ ಮರದ ಬಿರುಕಿನೊಳಗೆ ಇಳಿಯಿತು. ವಾರವಾರವೂ ಇಳಿದಿತ್ತು. ಆ ಮೂಲೆ ಎಂದರೆ ನಾಯಿ ಕಡಿದ ಮೂಲೆಯೇ.

"ಅವ್ವಾ, ನೈವೇದ್ಯ ಅಲ್ಲಿಡಬ್ಯಾಡ."

"ಲಕ್ಷ್ಮಿಗೆ ಇಟ್ಟಿದ್ದು ಅದು, ನಾಯಿಗಲ್ಲ."

"ಲಕ್ಷ್ಮಿ ತಿನ್ನೂದರಾಗ ನಾಯಿ ತಿಂತೈತಿ. ಆಮ್ಯಾಲ ಲಕ್ಷ್ಮಿ ಬರಾಕ ಹೊಸ್ತಿಲಾನೂ ಇರಂಗಿಲ್ಲ."

ಬಹಳ ಹೊತ್ತು ಮುಖ ಊದಿಸಿಕೊಂಡಿದ್ದಳು. ಕಡೆಗೆ ಬೆಲ್ಲ ಕೊಬ್ಬರಿ ಗೋಡೆಯ ಗೂಡಿಗೆ ಹೋದವು. ಆ ಮೂಲೆಯನ್ನು ಬಿಸಿನೀರು, ಸೀಗೆಪುಡಿ ಹಾಕಿ ಉಜ್ಜಿದಳು. ಅರ್ಧ ಕಡಿತ ಅಂದೇ ನಿಂತಿತು.

ಇನ್ನರ್ಧಕ್ಕೆ ನಾನು ಮಧ್ಯಾಹ್ನದ ಹೊತ್ತು ಮನೆಗೆ ಬಂದು ನೋಡಬೇಕಾಯಿತು. ಬಿಸಿಲಿಗೆ ಹೆಂಗಸರು ಬಾಗಿಲು ಹಾಕಿಕೊಂಡು ಮಲಗುವರು, ನಾಯಿ ಹೊರಗೆ ಕಾದ ಕಟ್ಟೆಯ ಮೇಲೆ. ಒಳಗೆ ಬರಬೇಕೆಂದು ಅದು ಬಾಗಿಲಿನ ಬುಡ ಕಡಿಯುತ್ತಿತ್ತು. ಸಾಹುಕಾರರು "ಕಸಬರಿಗಿ ತಗೊಂಡು ನಾಕು ಬಿಗೀರಿ" ಎಂದಿದ್ದರು. ಒಮ್ಮೆ ಬಿಗಿದೆ; ಹೆದರಿ, ಯಾರೂ ಇಲ್ಲದಾಗ ಇನ್ನಷ್ಟು ಕಡಿಯಿತು. ಕಸಬರಿಗೆ ಮೂಲೆಗಿಟ್ಟೆ. ಮಧ್ಯಾಹ್ನ ಅದನ್ನು ಒಳಗೆ, ನೀರಿನ ಹರವಿಯ ಪಕ್ಕ ಮಲಗಿಸಲು ಹೇಳಿದೆ. ಕುರುಗೋಡಿಗೆ ಹೋದಾಗ ಅಪ್ಪನ ಬಂಡಿಯ ಹಳೆಯ ಹಗ್ಗದ ತುಂಡು ತಂದೆ. ಹೆಂಡತಿ ಅದಕ್ಕೆ ಗಂಟು ಹಾಕಿ, ನೀರಲ್ಲಿ ನೆನೆಸಿ, ತಣ್ಣಗೆ ಮಾಡಿ ಕೊಡುವಳು. ಹಲ್ಲಿನ ತುರಿಕೆಗೆ ಅದು ಹಿತವಾಯಿತು. ಮರಕ್ಕೆ ಬಾಯಿ ಹಾಕಿದಾಗಲೆಲ್ಲ "ಬ್ಯಾಡ" ಎನ್ನುವುದು. ಕೂಗದೆ, ಸಾಲೆಯಲ್ಲಿ ಹುಡುಗರಿಗೆ ಹೇಳುವ ದನಿಯಲ್ಲಿ. ಬಿಟ್ಟ ಕೂಡಲೇ ಹಗ್ಗ ಕೊಡುವುದು, ತಲೆ ಸವರುವುದು. ಮುಂಜಾನೆ ಗುಡ್ಡದ ಬುಡದವರೆಗೆ ಓಡಿಸಿಕೊಂಡು ಬರುವುದು. ಮೂವರೂ ಒಂದೇ ಮಾತು, ಒಂದೇ ರೀತಿ. ಇಷ್ಟೇ ವಿದ್ಯೆ. ಆದರೆ ಒಂದು ದಿನವೂ ತಪ್ಪಿಸುವಂತಿಲ್ಲ, ಮತ್ತು ನಾವು ತಪ್ಪಿಸಲಿಲ್ಲ. ಚಳಿಗಾಲ ಹೋಗಿ ಬಿಸಿಲು ಏರುವಷ್ಟರಲ್ಲಿ ಅದು ಮರವನ್ನು ಮರೆತೇಬಿಟ್ಟಿತು. ಬೇಸರವಾದರೆ ತಾನೇ ಹೋಗಿ ಹಗ್ಗ ಕಚ್ಚಿಕೊಂಡು ಬರುತ್ತಿತ್ತು.

ಸಾಹುಕಾರರು ಆಗಾಗ ಬಂದು ನೋಡುತ್ತಿದ್ದರು. ಯುಗಾದಿಗೆ ಮುಂಚೆ ಒಂದು ದಿನ ನನ್ನ ಹೆಂಡತಿಯಿಂದ ಬೆಲ್ಲದ ಚೂರು ಕೇಳಿ ಪಡೆದು, ತಾವೇ ಹೊಸ್ತಿಲಿನ ಮೇಲಿಟ್ಟರು. ನಾಯಿ ಬಂತು. ಬೆಲ್ಲ ನೋಡಿತು, ನನ್ನ ಮುಖ ನೋಡಿತು, ಹೋಗಿ ಹಗ್ಗ ತಂದು ನನ್ನ ಕಾಲ ಹತ್ತಿರ ಮಲಗಿತು.

"ಭಲೇ ಮಾಸ್ತರ!" ಎಂದು ತೊಡೆ ತಟ್ಟಿದರು. "ಓದಿದವ್ರ ಕೆಲಸ ಅಂದ್ರ ಇದು ನೋಡ್ರಿ. ಹೊಸ ಹೊಸ್ತಿಲಾ ತಯಾರಾಗೈತಿ. ಯುಗಾದಿ ಆದ ಮ್ಯಾಲಿನ ಶುಕ್ರವಾರ ಪೂಜಿ ಇಟ್ಟೀನಿ. ನಿಮ್ಮ ತಂದೀನೂ ಕರಸ್ರಿ."

ನಮ್ಮ ಕಡೆ ಹೊಸ ಹೊಸ್ತಿಲು ಕೂರಿಸುವಾಗ ಒಂದು ಪದ್ಧತಿ ಇದೆ. ಕೆಳಗಿನ ಗುಂಡಿಯಲ್ಲಿ ನವಧಾನ್ಯ, ಅರಿಷಿಣ, ಕುಂಕುಮ ಹಾಕಿ ಹಾಲು ಎರೆಯಬೇಕು. ಎರೆಯುವವರು ಆ ಮನೆಯಲ್ಲಿ ಬಾಳುವ ಗಂಡ ಹೆಂಡತಿ. ಮನೆ ಯಾರದೇ ಇರಲಿ, ಹಾಲೆರೆದವರದು ಆ ಹೊಸ್ತಿಲು. ಈ ಪದ್ಧತಿ ಗೊತ್ತಿರದವರು ನಮ್ಮಲ್ಲಿ ಯಾರೂ ಇಲ್ಲ. ಅದಕ್ಕೇ ನಾನು ಕುರುಗೋಡಿಗೆ ಹೋಗಿ ಅಪ್ಪನನ್ನು ಕರೆದೆ.

"ಹಾಲು ನೀವು ಎರೀತೀರೇನು?" ಎಂದು ಕೇಳಿದ.

"ಮತ್ತ ಯಾರು ಎರೀತಾರ? ಇರೋರು ನಾವಽ ಅಲ್ಲೇನು?"

ಅಪ್ಪ ಎದ್ದು ಎತ್ತಿಗೆ ಮೇವು ಹಾಕಿ ಬಂದ. ಆಮೇಲೆ, "ಹಂಗಾರ ಬರ್ತೀನಿ. ಒಳಗೂ ಬರ್ತೀನಿ," ಎಂದ.

ಶುಕ್ರವಾರ ಮೊದಲ ಬಸ್ಸಿಗೆ ಬಂದ. ಹೊಸ ರುಮಾಲು ಸುತ್ತಿದ್ದ. ಹೆಂಡತಿ ಮದುವೆಯ ಸೀರೆ ಉಟ್ಟು, ಉಪವಾಸವಿದ್ದು, ಎರಡು ಮಣೆ ತೊಳೆದು ರಂಗೋಲಿ ಬಿಡಿಸಿ ಹಾಕಿದ್ದಳು. ಹಾಲು ಕಾಯಿಸದೆ ತಂಬಿಗೆಯಲ್ಲಿ ಇಟ್ಟಿದ್ದಳು. ಹಳೆಯ ಹೊಸ್ತಿಲು ಕಿತ್ತು ಬಡಿಗರು ಹೊಸದನ್ನು ಗೋಡೆಗೆ ಆನಿಸಿದ್ದರು. ಮರದ ವಾಸನೆ ಓಣಿ ತುಂಬ. ಪೂಜೆಗೆ ಬಂದ ಅಯ್ಯನವರು ಕೂತರು. ಸಾಹುಕಾರರು ಮಾತ್ರ ಓಣಿಯ ಬಾಯಿಯ ಕಡೆಗೇ ನೋಡುತ್ತಿದ್ದರು.

ಒಂದು ಜಟಕಾ ಬಂತು. ಇಳಿದವರು ಸಿರುಗುಪ್ಪದ ಮಗಳು, ಅಳಿಯ. ಪೂಜೆ ನೋಡಲು ಬಂದಿದ್ದಾರೆ ಎಂದು ನಾನು ಎದ್ದು ಕೈಮುಗಿದೆ.

ಅಯ್ಯನವರು ಕರೆದರು: "ಬರ್ರಿ, ದಂಪತಿಗಳು ಕೂಡ್ರಿ."

ನಾನು ಹೆಂಡತಿಯ ಕಡೆ ನೋಡಿ ಒಂದು ಹೆಜ್ಜೆ ಇಟ್ಟೆ. ನನ್ನ ಹೆಗಲ ಮೇಲೆ ಒಂದು ಕೈ ಬಿತ್ತು. ಸಾಹುಕಾರರದು. ಮೆತ್ತಗಿನ ಕೈ, ಒತ್ತಲಿಲ್ಲ, ಸುಮ್ಮನೆ ಇಟ್ಟರು.

"ನೀವು ಇರ್ರಿ ಮಾಸ್ತರ." ಆಮೇಲೆ ಮಗಳಿಗೆ: "ಬಾರವ್ವಾ. ಬರ್ರಿ ಅಳಿಯಂದ್ರ. ಮಣಿ ಹಾಕ್ಯಾರ ನೋಡ್ರಿ, ಕೂಡ್ರಿ."

ಅವರು ಕೂತರು. ನನ್ನ ಹೆಂಡತಿ ಬಿಡಿಸಿದ ರಂಗೋಲಿಯ ಮೇಲೆ, ಅವಳು ತೊಳೆದ ಮಣೆಗಳ ಮೇಲೆ. ಹಾಲಿನ ತಂಬಿಗೆ ಅವಳ ಕೈಯಲ್ಲೇ ಇತ್ತು. ಅಯ್ಯನವರು ಕೈ ಚಾಚಿದರು. ಅವಳು ಕೊಟ್ಟಳು.  ಇನ್ನು ಆ ಹೊಸ್ತಿಲು ಯಾರದೆಂದು ಅಲ್ಲಿದ್ದವರಿಗೆಲ್ಲ ತಿಳಿಯಿತು. ಅಪ್ಪ ಒಳಗೆ ಬಂದಿರಲಿಲ್ಲ, ಕಟ್ಟೆಯ ಹತ್ತಿರವೇ ಇದ್ದ. ರುಮಾಲು ಬಿಚ್ಚಿ, ಮಡಚಿ, ಬಗಲಲ್ಲಿ ಇಟ್ಟುಕೊಂಡ.

ಊಟದ ಹೊತ್ತಿಗೆ ಅಳಿಯ ನನ್ನ ಪಕ್ಕ ಬಂದು ನಿಂತ. ಒಳ್ಳೆಯ ಮನುಷ್ಯನೇ, ಬಾಯಿ ಸಡಿಲು. "ಪ್ಯಾಟ್ಯಾಗ ಅಂಗಡಿ ತಗೀತೀವ್ರಿ ಮಾಸ್ತರ. ಮಾವ್ನಾರು ದೀಪಾವಳಿಗೇ ಹೇಳಿಬಿಟ್ಟಿದ್ರು, ಯುಗಾದಿ ಆದ ಮ್ಯಾಲ ಈ ಮನಿ ನಿಮ್ದು ಅಂತ. ನಿಮಗೂ ಮನಿ ನೋಡಾಕ ಇಷ್ಟ ದಿನ ಸಿಕ್ತು, ಚಲೋ ಆತು ಬಿಡ್ರಿ."

ದೀಪಾವಳಿ. ಬುಟ್ಟಿಯಲ್ಲಿ ಮರಿ ಬಂದದ್ದು ದೀಪಾವಳಿಯ ನಂತರ. ಮನೆಯನ್ನು ಮಗಳಿಗೆ ಕೊಟ್ಟಾಗಿತ್ತು. ಆಮೇಲೆ ನಮಗೆ ನಾಯಿ ಕೊಟ್ಟರು. ನಾಯಿ ಬಾಗಿಲು ಕಡಿದರೆ ನಾಚಿಕೊಂಡು ನಾವಾಗಿಯೇ ಬಿಡುತ್ತೇವೆ. ಕಡಿಯದಿದ್ದರೆ ಯುಗಾದಿಯವರೆಗೆ ಮನೆ ಖಾಲಿ ಬೀಳದೆ ಗುಡಿಸಿ ಸಾರಿಸಿಕೊಂಡು ಇರುತ್ತೇವೆ. ಬೆಲ್ಲವಿಟ್ಟು ಪರೀಕ್ಷೆ ಮಾಡಿದ್ದು ಮಗಳ ಹೊಸ್ತಿಲಿನ ಸಲುವಾಗಿ.

ಸಂಜೆ ಮಂದಿ ಹೋದ ಮೇಲೆ ಕೇಳಿದೆ.  "ನಾಯಿ ಬಿಡಿಸಿದ್ರ ಮನಿ ನಿಮ್ದು ಅಂದಿದ್ರಿ, ಸಾವ್ಕಾರ್ರ."

"ನಾಯಿ ಬಿಟ್ಟೈತಿ. ನಾ ಎಲ್ಲಿ ಇಲ್ಲ ಅಂದೆ?"

"ಮನಿ?"

"ನನ್ನ ಬಾಯಿಲೆ ಮನಿ ಬಿಡು ಅಂದೀನೇನು? ಇವತ್ತಿಗೂ ಅಂದಿಲ್ಲ." ಅಡಿಕೆ ತೆಗೆದು ನನ್ನ ಕಡೆಗೂ ಚಾಚಿದರು. "ನೀವು ಓದಿದವ್ರು, ಮಾಸ್ತರ. ನಿಮಗ ಬಿಡಿಸಿ ಹೇಳಬೇಕೇನು?"

ಇಷ್ಟು ದಿನ ಓದಿದವ್ರು, ಓದಿದವ್ರು ಎಂದು ನನ್ನ ಬೆನ್ನು ತಟ್ಟಿದ್ದು ಇದಕ್ಕೇ ಎಂದು ಆಗ ತಿಳಿಯಿತು. ಓದದವನಾಗಿದ್ದರೆ ಬೀದಿಯಲ್ಲಿ ನಿಂತು ಕೂಗಾಡುತ್ತಿದ್ದೆ. ಅವರು ಲೆಕ್ಕ ಹಾಕಿದ್ದರು: ಈ ಹುಡುಗ ಕೂಗಾಡುವುದಿಲ್ಲ, ಬಿ.ಎ. ಮಾಡಿದ್ದಾನೆ. ಸರಿಯಾಗಿಯೇ ಲೆಕ್ಕ ಹಾಕಿದ್ದರು. ನಾನು ಅಡಿಕೆ ತೆಗೆದುಕೊಳ್ಳಲಿಲ್ಲ. ಅಷ್ಟೇ ನಾನು ಮಾಡಿದ್ದು.

ಸಾಮಾನು ಸಾಗಿಸಲು ಅಪ್ಪನೇ ಬಂಡಿ ತಂದ. "ನಾ ಹೇಳಿದ್ದೆ" ಎಂದು ಅವನು ಅಂದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಅವನು ಅನ್ನಲಿಲ್ಲ. ಎತ್ತು ಬಿಡಲೂ ಇಲ್ಲ. ನೊಗದ ಹತ್ತಿರ ನಿಂತು ಒಂದೊಂದೇ ಸಾಮಾನು ಇಸಿದುಕೊಂಡ. ನಾನು ಬೋರ್ಡು ಕಿತ್ತೆ. ಮೊಳೆಯ ಎರಡು ತೂತು ಚೌಕಟ್ಟಿನಲ್ಲಿ ಉಳಿದವು. ಬಿ.ಎ. ಮೇಲಿನ ಕುಂಕುಮ ನನ್ನ ಹೆಬ್ಬೆರಳಿಗೆ ಹತ್ತಿತು.

ಸಾಹುಕಾರರ ಮಗಳು ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಅಜ್ಜೀ, ನಾಯಿ ಇಲ್ಲೇ ಬಿಟ್ಟು ಹೋಗ್ರಿ. ನಮ್ಮನಿ ಮರಿನ ಅಲ್ಲೇನು ಅದು? ಈಗ ಬಾಗಿಲಾನೂ ಕಡಿಯಂಗಿಲ್ಲಂತ."

ಅವ್ವ ಹೊತ್ತಿದ್ದ ಕೊಡ ಕೆಳಗಿಟ್ಟಳು. "ಬಿಡಬೌದಿತ್ತವ್ವಾ. ಆದ್ರ ಇದು ನಮ್ಮ ಕೈಯಾಗ ಬೆಳದೈತಿ. ಒಮ್ಮಿ ಒಪ್ಪಿದ್ರ ಒಪ್ಪಿದ್ದಽ ಇದಕ್ಕ. ನಿಮ್ಮ ಮನಿಗೆ ಹೊಂದಂಗಿಲ್ಲ."

ಮಗಳು ಒಳಗೆ ಹೋದಳು. ಹೆಂಡತಿ, ಅವ್ವ ಬಂಡಿ ಹತ್ತಿದರು. ಬಾಗಿಲಲ್ಲಿ ನಾನು ಮತ್ತು ನಾಯಿ. ಹೊಸ ಹೊಸ್ತಿಲು ಅರಿಷಿಣ ಬಳಿದುಕೊಂಡು ಹೊಳೆಯುತ್ತಿತ್ತು. ಎಡಮೂಲೆಯಲ್ಲಿ ಅವರೂ ಬೆಲ್ಲವಿಟ್ಟಿದ್ದರು, ಕರಗಿ ಇಳಿಯುತ್ತಿತ್ತು. ಓಣಿಯಲ್ಲಿ ಯಾರೂ ಇರಲಿಲ್ಲ. ನಾನು ಬಗ್ಗಿ, ನಾಯಿಯ ತಲೆಯನ್ನು ಆ ಮೂಲೆಯ ಕಡೆ ತಿರುಗಿಸಿ, ಮೆಲ್ಲಗೆ ಹೇಳಿದೆ.

"ಕಡಿ."

ಅದು ನನ್ನ ಮುಖ ನೋಡಿತು.

"ಕಡಿಯಲೇ. ಬ್ಯಾಡ ಅನ್ನೂದಿಲ್ಲ. ಕಡಿ."

ಒಮ್ಮೆ ಮೂಸಿತು. ಕಿವಿ ಹಿಂದಕ್ಕೆ ಮಡಚಿ, ಒಂದು ಹೆಜ್ಜೆ ಹಿಂದೆ ಸರಿದು, ಏನೋ ತಪ್ಪಾಯಿತು ಎಂಬಂತೆ ಬಾಲ ಅಲ್ಲಾಡಿಸಿತು. ಆಮೇಲೆ ಕಟ್ಟೆಯ ಕೆಳಗೆ ಹುಡುಕಿ ತನ್ನ ಹಗ್ಗದ ತುಂಡು ಕಚ್ಚಿಕೊಂಡು, ಬಂಡಿಯ ಹಿಂದೆ ಹೋಗಿ ನಿಂತಿತು.